ರಾಜಹಂಸದ ಕತ್ತು ನಿಲ್ಲುತ್ತಿಲ್ಲ: ಬೇಸಿಗೆಗೆ ಹೆಣೆದ ಗೊಂಬೆ, ತೋರಣ ಮಾಡಿದವರು ಅನುಭವ ಹೇಳಿ

ಪ್ರಶ್ನೆ, ಐರೋಲಿಯಿಂದ

ಎಲ್ಲರಿಗೂ ನಮಸ್ಕಾರ. ನಾದಿನಿಯ ಮಗಳಿಗೆ ಮೇ ತಿಂಗಳಲ್ಲಿ ಒಂದು ವರ್ಷ ತುಂಬುತ್ತದೆ. ನಮ್ಮ ಮನೆಯಿಂದ ನಡೆದರೆ ಥಾಣೆ ಖಾಡಿ, ಅಂದರೆ ಸಮುದ್ರದ ಹಿನ್ನೀರು. ಈ ದಿನಗಳಲ್ಲಿ ಕೆಸರಿನ ತುಂಬ ರಾಜಹಂಸಗಳು (ಫ್ಲೆಮಿಂಗೊ), ದೂರದಿಂದ ಯಾರೋ ಗುಲಾಬಿ ಸೀರೆ ಒಣಹಾಕಿದ ಹಾಗೆ ಕಾಣುತ್ತವೆ. ಮಗುವಿಗೆ ಅದನ್ನೇ ಕ್ರೋಶಾದಲ್ಲಿ (ಕೊಕ್ಕೆ ಸೂಜಿಯ ಹೆಣಿಗೆ) ಮಾಡಿಕೊಡೋಣ ಅಂತ ಕೂತೆ. ಎರಡು ಸಲ ಮಾಡಿದೆ, ಎರಡು ಸಲವೂ ಕತ್ತು ಬಾಡಿದ ದಂಟಿನ ಹಾಗೆ ಎದೆಯ ಮೇಲೆ ಬಿತ್ತು. ಒಳಗೆ ತಂತಿ ಹಾಕಲೇ? ಪ್ಲಾಸ್ಟಿಕ್ ಕಣ್ಣು ತಂದಿಟ್ಟಿದ್ದೇನೆ.

ಇನ್ನೊಂದು, ಬಾಗಿಲಿಗೂ ಬಾಲ್ಕನಿಗೂ ಬೇಸಿಗೆಯ ಅಲಂಕಾರ ಬೇಕು. ಉಣ್ಣೆಯಲ್ಲಿ ಹೆಣೆದು ಫೆಲ್ಟ್ ಮಾಡಿದ (ಬಿಸಿನೀರಿನಲ್ಲಿ ಉಜ್ಜಿ, ಕುಗ್ಗಿಸಿ ಗಟ್ಟಿ ಮಾಡಿದ) ಮಾವಿನಹಣ್ಣು, ಬಣ್ಣದ ಐಸ್‌ಗೋಲಾ, ಹೀಗೆ ನೋಡಿದರೆ ಮಕ್ಕಳಿಗೆ ನಗು ಬರುವಂಥದ್ದು. ‘ಅಪ್ಪಟ ಉಣ್ಣೆ’ ಅಂತ ಬರೆದಿದ್ದ ನೂಲನ್ನೇ ಆನ್‌ಲೈನಿನಲ್ಲಿ ತರಿಸಿದೆ. ಬಿಸಿನೀರಿನಲ್ಲಿ ಅರ್ಧ ಗಂಟೆ ಉಜ್ಜಿದರೂ ಕೈ ಕೆಂಪಾಯಿತೇ ಹೊರತು ಉಣ್ಣೆ ಕುಗ್ಗಲಿಲ್ಲ. ಏನು ತಪ್ಪಾಯಿತು?

ಮಾಟುಂಗಾದಿಂದ

ತಂಗೀ, ಮಗುವಿನ ಆಟಿಕೆಯೊಳಗೆ ತಂತಿ ಬೇಡವೇ ಬೇಡ. ಎಷ್ಟು ಬಟ್ಟೆ ಸುತ್ತಿದರೂ ಮಗು ಬಗ್ಗಿಸಿ ಬಗ್ಗಿಸಿ ಒಂದು ದಿನ ತುದಿ ಹೊರಗೆ ಬರುತ್ತದೆ. ಪ್ಲಾಸ್ಟಿಕ್ ಕಣ್ಣನ್ನೂ ಎತ್ತಿಡು. ಹಿಂದಿನಿಂದ ಬಿಲ್ಲೆ ಒತ್ತಿ ಕೂರಿಸುವ ಕಣ್ಣಿಗೆ ಅಂಗಡಿಯಲ್ಲಿ ‘ಸೇಫ್ಟಿ’ ಅನ್ನುತ್ತಾರೆ, ಆದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಅದೂ ಸಲ್ಲದು. ಹೆಣಿಗೆ ಹಿಗ್ಗಿದರೆ ಕಣ್ಣು ಬಿಲ್ಲೆ ಸಮೇತ ಕಳಚಿ ಬಾಯಿಗೆ ಹೋಗುತ್ತದೆ. ಕಪ್ಪು ನೂಲಿನಲ್ಲಿ ಕಸೂತಿ ಹಾಕು, ಸಾಕು.

ಈಗ ಕತ್ತು. ನೀನು ತಲೆ ಬೇರೆ, ಕತ್ತು ಬೇರೆ, ಮೈ ಬೇರೆ ಹೆಣೆದು ಆಮೇಲೆ ಹೊಲಿದಿರಬೇಕು. ಹೊಲಿದ ಜಾಗವೇ ಬಾಗಿಲಿನ ತಿರುಗಣಿಯ ಹಾಗೆ ಮಡಚಿಕೊಳ್ಳುತ್ತದೆ. ತಲೆಯಿಂದ ಶುರುಮಾಡಿ ಕತ್ತಿಗೆ ಇಳಿದು ಮೈವರೆಗೂ ದಾರ ಕಡಿಯದೆ ಹೋಗು. ನನ್ನ ಲೆಕ್ಕ ಹೀಗೆ: ತಲೆ ಅಗಲವಾದಲ್ಲಿ ಸುತ್ತಿಗೆ 24 ಮನೆ (ಹೊಲಿಗೆ), ಕತ್ತು 12. ಬುಡದಲ್ಲಿ ಒಮ್ಮೆಲೇ ಮೈಗೆ ಹಾರಬೇಡ, ಒಂದೊಂದು ಸುತ್ತು ಬಿಟ್ಟು 18, 24, 30 ಅಂತ ತೆಂಗಿನ ಮರದ ಬುಡದ ಹಾಗೆ ಅಗಲಿಸು. ಒಳಗೆ ತುಂಬುವ ರೆಕ್ರಾನನ್ನು (ಪಾಲಿಯೆಸ್ಟರ್ ಹತ್ತಿ) ಕೊನೆಗೆ ಒಟ್ಟಿಗೆ ತುರುಕಬೇಡ. ನಾಲ್ಕು ಸುತ್ತು ಹೆಣೆ, ಬಟಾಣಿಯಷ್ಟು ರೆಕ್ರಾನ್ ಹರಿದು ಪೆನ್ಸಿಲಿನ ಹಿಂಬದಿಯಿಂದ ಒತ್ತು, ಮತ್ತೆ ನಾಲ್ಕು ಸುತ್ತು. ಕತ್ತು ಬದನೆಕಾಯಿ ತೊಟ್ಟಿನಷ್ಟು ಗಟ್ಟಿ, ತಲೆ ಮಾತ್ರ ಹಗುರ. ನೂಲಿನ ಚೀಟಿಯಲ್ಲಿ ಹೇಳಿದ್ದಕ್ಕಿಂತ ಒಂದೆರಡು ಸೈಜು ಸಣ್ಣ ಕ್ರೋಶಾ ಸೂಜಿ ಹಿಡಿ. ಹೆಣಿಗೆ ಬಿಗಿಯಾದರೆ ಅರ್ಧ ಗೆದ್ದ ಹಾಗೆ, ಒಳಗಿನ ಬಿಳಿ ರೆಕ್ರಾನೂ ಇಣುಕುವುದಿಲ್ಲ.

ನನಗೆ ಇದನ್ನು ಕಲಿಸಿದ್ದು ನಮ್ಮ ಚಾಳಿನ ಮರಾಠಿ ಮಾವಶಿ. ಅವರ ಬಾಯಲ್ಲಿ ಉಣ್ಣೆ ‘ಲೋಕರ್’, ಗೊಂಬೆಗೆ ಬಳಸುವ ಗಿಡ್ಡ ಹೊಲಿಗೆ ‘ಮುಕಾ ಖಾಂಬ್’, ಅಂದರೆ ಮೂಕ ಕಂಬ. ಆ ಹೆಸರು ನನಗೆ ಇವತ್ತಿಗೂ ಇಷ್ಟ. ವಿಡಿಯೊ ನೋಡಿ ಕಲಿಯುವವರು ಒಂದು ಗಮನಿಸಿ. ಇದೇ ಗಿಡ್ಡ ಹೊಲಿಗೆಗೆ ಅಮೆರಿಕದವರು ಸಿಂಗಲ್ ಅಂದರೆ ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ಇದು ಗೊತ್ತಿಲ್ಲದೆ ನನ್ನ ಶಿಷ್ಯೆಯೊಬ್ಬಳ ಆನೆ ಜಾಲರಿಯ ಚೀಲವಾಗಿತ್ತು.

ಜಪಾನಿನವರ ಅಮಿಗುರುಮಿ ಗೊಂಬೆಗಳೆಲ್ಲ ಸಾಮಾನ್ಯವಾಗಿ ಆರು ಮನೆಯಿಂದ ಶುರುವಾಗಿ 12, 18, 24 ಅಂತ ಬೆಳೆಯುತ್ತವಲ್ಲ, ಯಾಕೆ ಆರೇ ಅಂತ ಬಹಳ ಜನ ಕೇಳುತ್ತಾರೆ. ಮುಕಾ ಖಾಂಬ್ ಎಷ್ಟು ಎತ್ತರವೋ ಸುಮಾರು ಅಷ್ಟೇ ಅಗಲ. ಒಂದು ಸುತ್ತು ಹೊರಗೆ ಹೋದರೆ ತ್ರಿಜ್ಯ ಒಂದು ಮನೆಯಷ್ಟು ಬೆಳೆಯುತ್ತದೆ, ಪರಿಧಿ ಎರಡು ಪೈಯಷ್ಟು, ಅಂದರೆ 6.28. ಹಾಗಾಗಿ ಸುತ್ತಿಗೆ ಆರು ಹೆಚ್ಚಿಸಿದರೆ ಚಪ್ಪಟೆ ತಟ್ಟೆ, ಕಡಿಮೆ ಹೆಚ್ಚಿಸಿದರೆ ಬಟ್ಟಲು, ಜಾಸ್ತಿಯಾದರೆ ಹಪ್ಪಳದಂತೆ ಅಂಚು ಅಲೆಯುತ್ತದೆ. ಇಷ್ಟು ತಲೆಗೆ ಹತ್ತಿದರೆ ಯಾರ ಪ್ಯಾಟರ್ನೂ ಬೇಡ, ಯಾವ ಆಕಾರ ಬೇಕಾದರೂ ನೀನೇ ಕಟ್ಟಬಹುದು. ಹೆಚ್ಚಿಸುವ ಮನೆಗಳು ಒಂದರ ಮೇಲೊಂದು ಬಂದರೆ ಆರು ಮೂಲೆ ಎದ್ದು ಕಾಣುತ್ತದೆ, ಒಂದೊಂದು ಸುತ್ತಿನಲ್ಲಿ ಜಾಗ ಸರಿಸುತ್ತ ಹೋಗು.

ಇಷ್ಟೆಲ್ಲ ಹೇಳಿದ ಮೇಲೂ ನಾನಾಗಿದ್ದರೆ ಆ ಕತ್ತನ್ನು ನೆಟ್ಟಗೆ ನಿಲ್ಲಿಸುತ್ತಿರಲಿಲ್ಲ. ಖಾಡಿ ಹತ್ತಿರವೇ ಇದೆಯಲ್ಲ, ನಾಳೆ ಬೆಳಿಗ್ಗೆ ಹೋಗಿ ಹತ್ತು ನಿಮಿಷ ನೋಡು. ಎಷ್ಟು ಹಕ್ಕಿ ಕತ್ತು ನೆಟ್ಟಗೆ ಮಾಡಿ ನಿಂತಿವೆ? ಒಂದು ಕತ್ತನ್ನು ಬೆನ್ನ ಮೇಲೆ ಸುರುಳಿ ಸುತ್ತಿ ಮಲಗಿರುತ್ತದೆ. ಇನ್ನೊಂದು ತಲೆಕೆಳಗು ಮಾಡಿ, ಮೇಲಿನ ಕೊಕ್ಕು ಅಡಿಗೆ ಬರುವ ಹಾಗೆ ನೀರಿಗೆ ಅದ್ದಿ ಸೋಸಿ ತಿನ್ನುತ್ತಿರುತ್ತದೆ. ನಾವು ಹಿಂದಕ್ಕೆ ಬಾಗಿದ ಮೊಣಕಾಲು ಅಂದುಕೊಳ್ಳುವುದು ಅದರ ಪಾದದ ಗಿಣ್ಣು, ನಿಜವಾದ ಮೊಣಕಾಲು ಮೇಲೆ ಗರಿಯೊಳಗೆ ಅಡಗಿದೆ. ಗೊಂಬೆಯಲ್ಲಿ ತಮಾಷೆ ಬರುವುದು ದೊಡ್ಡ ಕಣ್ಣು ಅಂಟಿಸಿದ್ದಕ್ಕಲ್ಲ. ಆ ಪ್ರಾಣಿ ನಿಜಕ್ಕೂ ಮಾಡುವ ಒಂದು ವಿಚಿತ್ರವನ್ನು ಹಿಡಿದು, ಅದೊಂದನ್ನೇ ಹಿಗ್ಗಿಸಿದರೆ ಬರುತ್ತದೆ. ನಿನ್ನ ಹಕ್ಕಿ ಮಲಗಲಿ. ಬಿದ್ದ ಕತ್ತೇ ಸುರುಳಿಯಾಗುತ್ತದೆ, ಮಗುವಿಗೆ ಹಿಡಿಯಲು ಒಂದು ಹಿಡಿಕೆಯೂ ಆಯಿತು.

ಪುಣೆ, ಕೋಥ್ರೂಡದಿಂದ

ಫೆಲ್ಟಿನ ವಿಷಯ ನಾ ಹೇಳತೇನ್ರಿ. ನಾವು ಧಾರವಾಡ ಕಡೆಯವರು, ಇಲ್ಲಿ ಬಂದ ಮ್ಯಾಲೆ ಈ ಹುಚ್ಚು ಹತ್ತಿದ್ದು. ನಿಮ್ಮ ಉಣ್ಣಿ ‘ಸೂಪರ್‌ವಾಶ್’ ಇರಬೇಕು, ಚೀಟಿ ತಿರುಗಿಸಿ ನೋಡ್ರಿ. ಉಣ್ಣಿ ಎಳಿ ಮ್ಯಾಲೆ ಮೀನಿನ ಮೈ ಮ್ಯಾಲಿನಂಥಾ ಸಣ್ಣ ಸಣ್ಣ ಹುರುಪೆ ಇರತಾವ. ಬಿಸಿ, ನೀರು, ಸೋಪು, ತಿಕ್ಕಾಟ ಬಿದ್ದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಿಕ್ಕೆ ಬರದಂಗ ಆಗತಾವ, ಅದಕ್ಕ ಫೆಲ್ಟ್ ಅನ್ನೂದು. ಮಷಿನ್‌ನ್ಯಾಗ ಹಾಕಿದ್ರೂ ಸ್ವೆಟರ್ ಕುಗ್ಗಬಾರದು ಅಂತ ಆ ಹುರುಪೆ ತೆಗೆದು, ಇಲ್ಲಾ ಮ್ಯಾಲೆ ರಾಳ ಬಳದು ಮಾಡಿದ್ದೇ ಸೂಪರ್‌ವಾಶ್. ಅದನ್ನ ಇಡೀ ದಿನ ತಿಕ್ಕಿದ್ರೂ ಏನೂ ಆಗೂದಿಲ್ಲ. ನಮ್ಮ ಬಜಾರದ ಅಕ್ರಿಲಿಕ್ಕೂ ಅಷ್ಟ. ಸಂಶಯ ಬಂದ್ರ ಒಂದು ಎಳಿ ಚಿಮಟಾದಾಗ ಹಿಡದು ಸುಡ್ರಿ. ಕೂದಲ ಸುಟ್ಟ ವಾಸನಿ ಬಂದು ಪುಡಿ ಆದ್ರ ಉಣ್ಣಿ, ಕರಗಿ ಗಟ್ಟಿ ಮಣಿ ಆದ್ರ ಅಕ್ರಿಲಿಕ್. ಆದ್ರ ಸೂಪರ್‌ವಾಶ್ ಸೈತ ಕೂದಲದಂಗನ ಸುಡತದ, ಅದಕ್ಕ ಚೀಟಿ ಓದೂದು ತಪ್ಪೂದಿಲ್ಲ.

ಒಳ್ಳೆ ಉಣ್ಣಿ ಸಿಕ್ಕ ಮ್ಯಾಲೂ ಸೀದಾ ಮಾವಿನಹಣ್ಣು ಹೆಣೀಬ್ಯಾಡ್ರಿ. 20 ಸೆಂಟಿಮೀಟರ್ ಚೌಕ ಒಂದು ಸಡಲಾಗಿ ಹೆಣದು, ದಿಂಬಿನ ಕವರಿನ್ಯಾಗ ಕಟ್ಟಿ, ಹಳೇ ಜೀನ್ಸ್ ಜೋಡಿ 60 ಡಿಗ್ರಿಗೆ ಮಷಿನ್‌ನ್ಯಾಗ ಹಾಕ್ರಿ. ಕವರ್ ಇಲ್ದ ಹಾಕಿ ನಾನು ಮಷಿನ್ ಪಂಪಿನ್ಯಾಗ ಉಣ್ಣಿ ಸಿಕ್ಕಿಸಿಕೊಂಡು ಮಿಸ್ತ್ರೀನ್ನ ಕರಸೀನಿ. ನನ್ನ ಚೌಕ ಅಗಲ 16, ಎತ್ತರ 14 ಆತು. ಸಾಮಾನ್ಯವಾಗಿ ಎತ್ತರನ ಹೆಚ್ಚು ಕುಗ್ಗತದ. ಅದಕ್ಕ ಮಾವಿನಹಣ್ಣು ಉದ್ದ ಹೆಣದ್ರ ಮಾತ್ರ ಮಾವಿನಹಣ್ಣು, ಸರಿಯಾಗಿ ಹೆಣದ್ರ ಟೊಮ್ಯಾಟೊ ಆಗತದ!

ಹಸಿ ಇದ್ದಾಗನ ಒಳಗ ಬಲೂನ್ ಊದಿ ಒಣಗಿಸಿದ್ರ ಆಕಾರ ಹಂಗ ಕೂಡತದ. ಸೂಜಿ ಫೆಲ್ಟಿಗೆ (ನೀರಿಲ್ದ, ಕಚ್ಚಿರೋ ಸೂಜಿ ಚುಚ್ಚಿ ಚುಚ್ಚಿ ಉಣ್ಣಿ ಗಟ್ಟಿ ಮಾಡೂದು) ಮೊದಲ 38 ನಂಬರ್ ಸೂಜಿ ತೊಗೋರಿ, ಕಡೀಕ ನುಣುಪು ಮಾಡಲಿಕ್ಕೆ 40. ಸೂಜಿ ಹೋದ ದಾರಿಯಿಂದನ ಹೊರಗ ಬರಬೇಕು, ಓರೆ ಎಳದ್ರ ಟಕ್ ಅಂತ ಮುರೀತದ. ಮುರಿದ ತುಂಡು ಸಿಗೂತನಕಾ ಹುಡುಕ್ರಿ, ಇಲ್ಲಾಂದ್ರ ಆ ಗೊಂಬಿ ಮಕ್ಕಳ ಕೈಗೆ ಕೊಡಬ್ಯಾಡ್ರಿ.

ಮಡಗಾಂವದಿಂದ

ಅಕ್ಕ, ಮಗುವಿನ ಕೈಗೆ ಹೋಗುವುದಕ್ಕೆ ಹತ್ತಿ ನೂಲು, ಕಪಾಟಿನ ಮೇಲೆ ಕೂರುವುದಕ್ಕೆ ಉಣ್ಣೆ, ಬಾಲ್ಕನಿಗೆ ಅಕ್ರಿಲಿಕ್. ಗೋವೆಯ ಹವೆಯಲ್ಲಿ ಒಂಬತ್ತು ವರ್ಷ ಕಳೆದ ಮೇಲೆ ನನಗೆ ಉಳಿದ ಲೆಕ್ಕ ಇದು. ಪಶ್ಚಿಮದ ಬಿಸಿಲಿಗೆ ನನ್ನ ಹತ್ತಿಯ ತೋರಣ ಒಂದೇ ಬೇಸಿಗೆಯಲ್ಲಿ ಬಣ್ಣ ಬಿಟ್ಟಿತು, ಅಕ್ರಿಲಿಕ್ಕಿನದು ಮೂರನೇ ವರ್ಷವೂ ಹಾಗೇ ಇದೆ.

ಇಲ್ಲಿ ಮಾರ್ಚ್‌ನಿಂದ ಮೇವರೆಗೆ ಗೇರು ಹಣ್ಣಿನ ಕಾಲ, ಊರೆಲ್ಲ ಅದರ ವಾಸನೆ. ನಾನು ಬಾಗಿಲಿಗೆ ಮಾವಿನ ಎಲೆಯ ನಡುನಡುವೆ ಗೇರು ಹಣ್ಣು ಹೆಣೆದು ಕಟ್ಟುತ್ತೇನೆ. ಹಣ್ಣು ಹಳದಿ, ಕೆಂಪು. ಬೀಜ ಹಣ್ಣಿನ ಹೊರಗೆ, ಕೆಳಗೆ ತೂಗುತ್ತದಲ್ಲ, ಅದನ್ನು ಮಾತ್ರ ಬೂದು ಉಣ್ಣೆಯಲ್ಲಿ ಸೂಜಿಯಿಂದ ಫೆಲ್ಟ್ ಮಾಡುತ್ತೇನೆ. ಬೀಜದ ಬಾಗು ಥೇಟ್ ಮಗ್ಗುಲಾಗಿ ಮಲಗಿದ ಮಗುವಿನದು. ಒಳಬಾಗಿನಲ್ಲಿ ಕಪ್ಪು ದಾರದಿಂದ ಮುಚ್ಚಿದ ಕಣ್ಣು ಎರಡು ಗೆರೆ, ಅಷ್ಟೇ. ಬಂದವರೆಲ್ಲ ಒಂದು ಕ್ಷಣ ಬಗ್ಗಿ ನೋಡಿಯೇ ಒಳಗೆ ಬರುತ್ತಾರೆ. ಮಾಟುಂಗಾದ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ, ವಿಚಿತ್ರ ಹಣ್ಣಿನಲ್ಲೇ ಇತ್ತು, ನಾನು ಕಣ್ಣು ಮುಚ್ಚಿಸಿದೆ ಅಷ್ಟೇ.

ಎಲೆ ಜೋಲದಂತೆ ಗಟ್ಟಿ ಮಾಡಲು ಗಂಜಿ ಹಾಕಬೇಡಿ. ಹಳಬರು ಕ್ರೋಶಾ ಲೇಸಿಗೆ ಸಕ್ಕರೆ ಪಾಕವನ್ನೂ ಹಾಕುತ್ತಿದ್ದರು. ಎರಡೂ ಮಾಡಿ ನೋಡಿದೆ, ಪಾಕಕ್ಕೆ ಇರುವೆ, ಗಂಜಿಗೆ ಜಿರಲೆ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಅದ್ದಿ, ಹಿಂಡಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸಿ. ಅಲಂಕಾರಕ್ಕೆ ಮಾತ್ರ, ಮಗು ಬಾಯಿಗೆ ಹಾಕುವುದಕ್ಕಲ್ಲ. ತೊಟ್ಟಿಲ ಮೇಲೆ, ಮಗುವಿನ ಕೈಗೆ ಎಟಕುವಲ್ಲಿ ಉದ್ದ ದಾರದ ತೋರಣ ಕಟ್ಟಲೂಬೇಡಿ.

ಗೊಂಬೆಯೊಳಗೆ ಬೂರುಗದ ಹತ್ತಿಯನ್ನಾಗಲಿ ಹಾಸಿಗೆಯ ಹತ್ತಿಯನ್ನಾಗಲಿ ತುಂಬಬೇಡಿ. ನನ್ನ ತಂಗಿಯ ಮಗನಿಗೆ ಮಾಡಿದ ಆಮೆ ಜುಲೈನಲ್ಲಿ ಹಸಿ ಗೋಣಿಯ ವಾಸನೆ ಬಂತು, ಬಿಚ್ಚಿದರೆ ಒಳಗೆಲ್ಲ ಕಪ್ಪು ಚುಕ್ಕಿ. ಆ ಮಗು ಅದನ್ನು ತಬ್ಬಿಕೊಂಡೇ ಮಲಗುತ್ತಿತ್ತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಉಣ್ಣೆಯದನ್ನು ಮಳೆ ಶುರುವಾಗುವ ಮೊದಲೇ ಬಿಸಿಲು ತೋರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಬಿಡಿ. ಹುಳ ಬಿದ್ದ ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ.

ಡೊಂಬಿವಲಿಯಿಂದ

ಇದು ಚೆನ್ನಾಗಿ ಬಂದರೆ ನಾಳೆ ಯಾರಾದರೂ ಆರ್ಡರ್ ಕೊಡುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆ ಮಾರಲು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಮನೆಯ ಮಗುವಿಗೆ ಕೊಡುವುದಕ್ಕೆ ಇದರ ಚಿಂತೆ ಬೇಡ, ಮಾರುವ ಯೋಚನೆ ಇದ್ದರೆ ಮೊದಲೇ ಆ ಕಚೇರಿಯ ಕುಶಲಕರ್ಮಿ ಗುರುತಿನ ಚೀಟಿ ಮಾಡಿಸಿಕೊಳ್ಳಿ. ನೂಲಿಗೆ ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಸುತ್ತಿ. ಒಂದೇ ಲಾಟಿನ (ಒಟ್ಟಿಗೆ ಬಣ್ಣ ಹಾಕಿದ) ಉಂಡೆ ಬೇಕಾದಷ್ಟನ್ನೂ ಒಟ್ಟಿಗೆ ತನ್ನಿ, ಮುಂದಿನ ಸಲ ಅದೇ ಗುಲಾಬಿ ಸಿಗುವುದಿಲ್ಲ.

ಐರೋಲಿಯಿಂದ, ಮತ್ತೆ

ಚೀಟಿ ತಿರುಗಿಸಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಸೂಪರ್‌ವಾಶ್ ಅಂತ ಇತ್ತು. ಅದರಲ್ಲಿ ಮಗುವಿಗೆ ಟೋಪಿ ಹೆಣೆಯುತ್ತೇನೆ. ಇವತ್ತು ಬೆಳಿಗ್ಗೆ ಆರೂವರೆಗೆ ಖಾಡಿಗೆ ಹೋಗಿದ್ದೆ. ದಡಕ್ಕೆ ಹತ್ತಿರ ಒಂದು ಹಕ್ಕಿ ಒಂಟಿ ಕಾಲಿನಲ್ಲಿ, ಕತ್ತನ್ನು ಬೆನ್ನಿಗೆ ಸುತ್ತಿ, ಮುಖವನ್ನು ಗರಿಯೊಳಗೆ ತೂರಿಸಿ ನಿಂತಿತ್ತು. ಪೂರ್ತಿ ಗುಲಾಬಿಯಲ್ಲ, ಬಿಳಿಗೆ ಚೂರು ಗುಲಾಬಿ ಹತ್ತಿದ ಬಣ್ಣ, ರೆಕ್ಕೆ ಸರಿಸಿದಾಗ ಮಾತ್ರ ಕೆಂಪು. ಇಷ್ಟು ವರ್ಷ ದಿನಾ ನೋಡಿಯೂ ನನಗೆ ಕಂಡಿರಲಿಲ್ಲ.

ಹಳೆಯ ಎರಡನ್ನೂ ಬಿಚ್ಚಿ ಉಂಡೆ ಸುತ್ತಿದೆ. ಮೂರನೆಯದು ಈಗ 12 ಮನೆಯ ಕತ್ತಿನಲ್ಲಿದೆ, ಪೆನ್ಸಿಲ್ ಪಕ್ಕದಲ್ಲೇ ಇದೆ. ಒಂದು ಕೇಳುವುದಿತ್ತು ಮಾಟುಂಗಾದ ಅಕ್ಕ, ರೆಕ್ಕೆಯೊಳಗಿನ ಕೆಂಪನ್ನು ಮಗು ಎತ್ತಿ ನೋಡುವ ಹಾಗೆ ಮಾಡಬಹುದಾ?

ಮಾಟುಂಗಾದಿಂದ

ಮಾಡಬಹುದು ತಂಗೀ. ರೆಕ್ಕೆಯನ್ನು ಎರಡು ಪದರ ಹೆಣೆ, ಹೊರಗೆ ತಿಳಿ ಗುಲಾಬಿ, ಒಳಗೆ ಕೆಂಪು. ಮೇಲಂಚು ಮಾತ್ರ ಮೈಗೆ ಹೊಲಿ, ಎರಡು ಸಲ ದಾರ ಓಡಿಸು, ಮಕ್ಕಳು ಎಳೆಯುವ ಜಾಗ ಅದೇ. ಕೆಂಪನ್ನು ಹೆಣೆಯುವ ಮುಂಚೆ ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡು. ಬಣ್ಣ ಬಿಟ್ಟರೆ ಬೇರೆ ನೂಲು ತಾ, ಹೇಗೂ ಮಗು ಅದನ್ನು ಮೊದಲು ಬಾಯಿಗೇ ಇಡುವುದು.