ಕಬ್ಬಿನ ಕಟಾವಿಗೆ ಹೋದವರ ಹೆಸರು ಪಟ್ಟಿಯಿಂದ ಹೋಗುತ್ತದೆಯೇ? ಮತದಾರರ ಪಟ್ಟಿ ಕುರಿತ ಪ್ರಶ್ನೋತ್ತರ

(ನಮ್ಮ ವಿಜಯಪುರ ಗುಂಪಿನಲ್ಲಿ ಈ ವಾರ ಉತ್ತರಿಸುತ್ತಿರುವವರು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಉಪತಹಶೀಲ್ದಾರರು.)

ಪ್ರಶ್ನೆ, ಇಂಡಿ ತಾಲ್ಲೂಕಿನ ಸದಸ್ಯೆಯಿಂದ: ಸಾಹೇಬರೇ, ನಮಸ್ಕಾರ. ನಮ್ಮ ಅಪ್ಪ, ಅವ್ವ ದೀಪಾವಳಿ ಮುಗಿಸಿಕೊಂಡು ಸಾಂಗಲಿ ಕಡೆಗೆ ಕಬ್ಬು ಕಡಿಯಲು ಹೋದರೆ ತಿರುಗಿ ಬರುವುದು ಯುಗಾದಿಯ ಹೊತ್ತಿಗೆ. ಈ ಸಲ ಮನೆಗೆ ನೋಟಿಸ್ ಬಂದಿದೆ. ಅವರು ಊರು ಬಿಟ್ಟಿದ್ದಾರೆಂದು ಯಾರೋ ಆಕ್ಷೇಪಣೆ ಸಲ್ಲಿಸಿದ್ದಾರಂತೆ, ವಿಚಾರಣೆಗೆ ಬರಬೇಕಂತೆ. ಹೆಸರು ಹೋದರೆ ರೇಷನ್ ಕಾರ್ಡೂ ಹೋಗುತ್ತದೆ ಎಂದು ಅವ್ವ ಫೋನಿನಲ್ಲಿ ಅಳುತ್ತಿದ್ದಾಳೆ. ಕೆಲಸ ಬಿಟ್ಟು ಬಂದರೆ ಮುಂಗಡ ತೀರುವುದಿಲ್ಲ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಅವ್ವನಿಗೆ ಧೈರ್ಯ ಹೇಳು. ರೇಷನ್ ಕಾರ್ಡ್ ಆಹಾರ ಇಲಾಖೆಯದು, ಅದಕ್ಕೂ ಮತದಾರರ ಪಟ್ಟಿಗೂ ಸಂಬಂಧವಿಲ್ಲ.

ಇನ್ನು ಪಟ್ಟಿಯ ವಿಷಯ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮಿನಲ್ಲಿ ನಿನ್ನ ಅಪ್ಪ ಅವ್ವನಿಗೆಂದೇ ಬರೆದಂತಿರುವ ಒಂದು ಮಾತಿದೆ. ತಾನು ಸಾಮಾನ್ಯವಾಗಿ ವಾಸಿಸುವ ಊರನ್ನು ತಾತ್ಕಾಲಿಕವಾಗಿ ಬಿಟ್ಟು ಹೋದ ಮಾತ್ರಕ್ಕೆ ಯಾರೂ ಅಲ್ಲಿಯ ವಾಸಿ ಎನ್ನುವುದನ್ನು ಕಳೆದುಕೊಳ್ಳುವುದಿಲ್ಲ. ವರ್ಷಾವರ್ಷ ಹೋಗಿ ಬರುವ ಕೂಲಿಕಾರರು ಊರು ಬಿಟ್ಟವರಲ್ಲ. ಹಾಗೆಯೇ ಊರಲ್ಲಿ ಮನೆಯಿದೆ ಎಂಬುದೊಂದೇ ಕಾರಣವೂ ಸಾಲದು ಎಂದು ಅದೇ ಕಲಮು ಹೇಳುತ್ತದೆ. ಆದ್ದರಿಂದ ಮನೆಯ ಉತಾರ ಒಂದನ್ನೇ ಹಿಡಿದುಕೊಂಡು ಹೋಗಬೇಡ. ಸುಗ್ಗಿ ಮುಗಿದ ಮೇಲೆ ಅವರು ಇಲ್ಲಿಗೇ ಬರುತ್ತಾರೆ ಎಂದು ತೋರಿಸುವ ಕಾಗದ ಬೇಕು. ಊರಿನ ಉದ್ಯೋಗ ಖಾತರಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ತಮ್ಮ ತಂಗಿಯರಿದ್ದರೆ ಅವರ ಶಾಲೆಯ ದಾಖಲೆ, ವಿದ್ಯುತ್ ಬಿಲ್ಲು, ಅಕ್ಕಪಕ್ಕದ ಇಬ್ಬರ ಹೇಳಿಕೆ, ಇಷ್ಟು ಸೇರಿಸು.

ಯಾವ ಕಾರಣಕ್ಕೂ ನೋಟಿಸನ್ನು ಹಾಗೇ ಇಟ್ಟುಕೊಂಡು ಕೂರಬೇಡ. ಈಗಲೇ ಮತದಾರರ ನೋಂದಣಾಧಿಕಾರಿಗೆ ಲಿಖಿತ ಉತ್ತರ ಕೊಡು: ಇಂಥವರು ಕಟಾವಿಗೆ ಹೋಗಿದ್ದಾರೆ, ಇಂಥ ತಿಂಗಳು ಬರುತ್ತಾರೆ, ಆಕ್ಷೇಪಣೆಗೆ ನಮ್ಮ ತಕರಾರಿದೆ, ವಿಚಾರಣೆಗೆ ಬೇರೆ ದಿನ ಕೊಡಬೇಕು. ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೋ. ಆಕ್ಷೇಪಣೆಯ ಪ್ರತಿಯನ್ನೂ ಅದೇ ಪತ್ರದಲ್ಲಿ ಕೇಳು. ನಮೂನೆ 7ರಲ್ಲಿ ಇನ್ನೊಬ್ಬರ ಹೆಸರಿಗೆ ಆಕ್ಷೇಪ ಎತ್ತುವವನು ಅದೇ ಪಟ್ಟಿಯ ಮತದಾರನಾಗಿರಬೇಕು, ಎಲ್ಲಿಯವನೋ ಬಂದು ಅರ್ಜಿ ಹಾಕುವಂತಿಲ್ಲ. ಸುಳ್ಳು ಘೋಷಣೆ ಕೊಟ್ಟರೆ ಅದೇ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಊರು ಬಿಟ್ಟಿದ್ದಾರೆ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು. ಇದು 22ನೇ ಕಲಮು. ಒಮ್ಮೆ ಪಟ್ಟಿಯಲ್ಲಿರುವ ಹೆಸರನ್ನು ಸರಿಯಾದ ವಿಚಾರಣೆಯಿಲ್ಲದೆ ಕಿತ್ತುಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಷ್ಟಾದರೂ ಆದೇಶ ವಿರುದ್ಧವಾದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ.

ಪ್ರಶ್ನೆ, ಮುಧೋಳ ಭಾಗದ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿರುವ ಶಿಕ್ಷಕಿಯಿಂದ: ಸರ್, ನಮ್ಮ ಕಡೆಯಿಂದಲೂ ಒಂದು ಮಾತು. ಮನೆಗೆ ಹೋದರೆ ಬೀಗ, ಮೇಲಿನವರು ಸಂಜೆಯೊಳಗೆ ವರದಿ ಕೊಡಿ ಎನ್ನುತ್ತಾರೆ. ಏನು ಬರೆಯಬೇಕು?

ಉತ್ತರ: ಅಕ್ಕಾರೇ, ನಿಮ್ಮ ಕಷ್ಟ ನನಗೆ ಗೊತ್ತು. ಶಾಲೆಯ ಪಾಠ ಮುಗಿಸಿ ಬಿಸಿಲಲ್ಲಿ ಓಣಿ ಸುತ್ತುವವರು ನೀವು. ಆದರೂ ಹೇಳುತ್ತೇನೆ, ‘ಮನೆಗೆ ಬೀಗ’ ಎಂದು ಕಂಡದ್ದನ್ನು ‘ಕಾಯಂ ಸ್ಥಳಾಂತರ’ ಎಂದು ಬರೆಯಬೇಡಿ. ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಅಂಗಳದ ಎಮ್ಮೆಗೆ ಯಾರು ಮೇವು ಹಾಕುತ್ತಿದ್ದಾರೆ, ಕಣಜ ಖಾಲಿಯಾಗಿದೆಯೇ, ಮುದುಕಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗಿದ್ದಾರೆಯೇ. ಕಾಯಂ ಆಗಿ ಊರು ಬಿಟ್ಟವರು ಎಮ್ಮೆ ಬಿಟ್ಟು ಹೋಗುವುದಿಲ್ಲ. ಕಂಡದ್ದನ್ನೂ ನೆರೆಯವರು ಹೇಳಿದ್ದನ್ನೂ ಹೆಸರು ಸಹಿತ ಬರೆದು ಸಹಿ ಹಾಕಿಸಿ, ಇನ್ನೊಮ್ಮೆ ಹೋಗಿ. ಸಂಜೆಯೊಳಗೆ ಬೇಕು ಎಂದರೆ ‘ಪರಿಶೀಲನೆ ಬಾಕಿ’ ಎಂದು ವರದಿ ಕೊಡಿ. ಅದೂ ಸತ್ಯವಾದ ವರದಿಯೇ.

ಮರಣದ ಕಾಲಂ ತುಂಬುವಾಗ ಇನ್ನೂ ಎಚ್ಚರ ಬೇಕು. ಊರು ಬಿಟ್ಟ ಕಾರಣಕ್ಕೆ ತೆಗೆಯುವಾಗ ವಿಚಾರಣೆ ಕಡ್ಡಾಯ ಎಂದೆನಲ್ಲ, ಸತ್ತಿದ್ದಾರೆ ಎಂಬ ಕಾರಣಕ್ಕೆ 22ನೇ ಕಲಮು ಆ ವಿಚಾರಣೆಯನ್ನು ಕೇಳುವುದಿಲ್ಲ, ಸತ್ತವರನ್ನು ಕರೆಯುವುದು ಸಾಧ್ಯವಿಲ್ಲವಲ್ಲ. ಹೀಗಾಗಿ ಬದುಕಿರುವ ಒಬ್ಬ ಮುದುಕನನ್ನು ಸತ್ತವನೆಂದು ಬರೆದುಬಿಟ್ಟರೆ ಅವನಿಗೆ ಅದು ತಿಳಿಯುವುದು ಮತದಾನದ ದಿನ. ಮರಣ ಪ್ರಮಾಣಪತ್ರ ನೋಡಿ, ಇಲ್ಲದಿದ್ದರೆ ಮನೆಯವರ ಬಾಯಿಂದಲೇ ಕೇಳಿ ಬರೆಯಿರಿ. ಈ ಒಂದು ಕೆಲಸದಲ್ಲಿ ದಯವಿಟ್ಟು ಯಾರ ಅವಸರಕ್ಕೂ ಮಣಿಯಬೇಡಿ.

ಪ್ರಶ್ನೆ, ಬಾಗಲಕೋಟೆ ನವನಗರದ ಯುವಕನಿಂದ: ಸರ್, ನಾನು ಸಾಫ್ಟ್‌ವೇರ್ ಕೆಲಸದವನು. ಎಲ್ಲವೂ ಈಗ ಆನ್‌ಲೈನ್. ಆಳಂದದಲ್ಲಿ ಆದದ್ದು ನಮ್ಮಲ್ಲೂ ಆಗಬಹುದೇ? ಸರ್ವರ್‌ಗೆ ಕನ್ನ ಹಾಕಬಹುದೇ?

ಉತ್ತರ: ತಮ್ಮಾ, ಗೊತ್ತಿಲ್ಲದವರಿಗಾಗಿ ಮೊದಲು ಆಳಂದದ ಸಂಗತಿ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2022ರ ಕೊನೆಯಲ್ಲಿ ಹೆಸರು ತೆಗೆಯಬೇಕೆಂದು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಮನೆ ಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಎಫ್‌ಐಆರ್ ದಾಖಲಾಯಿತು, 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು.

ಇಲ್ಲಿ ಪಟ್ಟಿಯೊಳಕ್ಕೆ ನುಗ್ಗಿ ಹೆಸರು ಅಳಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಅರ್ಜಿ ಹಾಕುವ ಬಾಗಿಲು ಎಲ್ಲರಿಗೂ ತೆರೆದಿತ್ತು, ಇನ್ನೊಬ್ಬರ ಹೆಸರಿನಲ್ಲಿ ಒಳಬಂದರು. ಅಷ್ಟು ಹೆಸರುಗಳನ್ನು ಉಳಿಸಿದ್ದು ಯಾವ ಯಂತ್ರವೂ ಅಲ್ಲ, ಊರಿನ ಜನರ ಮುಖಪರಿಚಯವಿದ್ದ ಬಿಎಲ್‌ಒಗಳ ಕಾಲ್ನಡಿಗೆ. ನನ್ನ ಅಭಿಪ್ರಾಯ ಇಷ್ಟೇ: ಅರ್ಜಿ ಎಷ್ಟು ಬೇಗ ಬಂದರೂ ಬರಲಿ, ಬಾಗಿಲು ತಟ್ಟಿ ನೋಡದೆ ಹೆಸರು ತೆಗೆಯಬಾರದು. ಆ ಹೆಜ್ಜೆಯನ್ನು ಅವಸರಕ್ಕೆ ಬಲಿಕೊಟ್ಟ ದಿನ ಯಾವ ಪಾಸ್‌ವರ್ಡೂ ನಮ್ಮನ್ನು ಕಾಯುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಚುನಾವಣಾ ಆಯೋಗ ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಮೂಲಕ ಇ-ಸಹಿ ತಂದಿದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬಂದ ಮೇಲೆಯೇ ಅರ್ಜಿ ಮುಂದೆ ಹೋಗುತ್ತದೆ. ಒಳ್ಳೆಯ ಹೆಜ್ಜೆ. ಅರ್ಜಿ ಹಾಕಿದವರು ಯಾರು ಎಂಬುದು ಇದರಿಂದ ತಿಳಿಯುತ್ತದೆ, ಅರ್ಜಿಯಲ್ಲಿ ಬರೆದದ್ದು ನಿಜವೇ ಎಂಬುದು ತಿಳಿಯುವುದಿಲ್ಲ. ಜೊತೆಗೆ ಒಂದು ಹೊಸ ಅಪಾಯವಿದೆ. ‘ವೋಟರ್ ಕಾರ್ಡ್ ಜೋಡಿಸುತ್ತೇವೆ’ ಎಂದು ಕರೆ ಮಾಡಿದವರಿಗೆ ನಿಮ್ಮ ತಂದೆ ಒಟಿಪಿ ಹೇಳಿದರೆ, ಅವರ ಸಹಿಯಲ್ಲೇ ಪಕ್ಕದ ಮನೆಯವರ ವಿರುದ್ಧ ಅರ್ಜಿ ಹೋಗಬಹುದು. 2022ರಲ್ಲಿ ಬೆಂಗಳೂರಿನಲ್ಲಿ ಬಿಎಲ್‌ಒ ಎಂದು ಹೇಳಿಕೊಂಡು ಖಾಸಗಿ ಸಂಸ್ಥೆಯವರು ಮತದಾರರ ಮಾಹಿತಿ ಸಂಗ್ರಹಿಸಿದ ಪ್ರಕರಣ ನೆನಪಿರಲಿ. ಮನೆಗೆ ಬಂದವರ ಗುರುತಿನ ಚೀಟಿ ಕೇಳುವುದರಲ್ಲಿ ಅಗೌರವವೇನಿಲ್ಲ. ಅನುಮಾನ ಬಂದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಸ್ಮಾರ್ಟ್‌ಫೋನ್ ಇಲ್ಲದವರು ಇದನ್ನೆಲ್ಲ ಓದಿ ಹೆದರಬೇಡಿ. ಕಾಗದದ ನಮೂನೆ ಈಗಲೂ ಇದೆ, ಬಿಎಲ್‌ಒ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ, ಅದೇ ಯುವಕನಿಂದ: ಮುಳುಗಡೆಯಾದ ಹಳೆ ಊರಿನ ವಿಳಾಸದಲ್ಲೇ ಅಜ್ಜಿಯ ಹೆಸರಿದೆ. ನಮೂನೆ 6 ಹಾಕಲೇ?

ಉತ್ತರ: ಬೇಡ. 6 ಹೊಸಬರಿಗೆ. ವಿಳಾಸ ಬದಲಾವಣೆಗೆ, ತಿದ್ದುಪಡಿಗೆ, ಹೊಸ ಕಾರ್ಡಿಗೆ ನಮೂನೆ 8. ಈಗ 6 ಹಾಕಿದರೆ ಅಜ್ಜಿ ಎರಡು ಕಡೆ ಆಗುತ್ತಾರೆ.

ಪ್ರಶ್ನೆ, ನಿಪ್ಪಾಣಿಯಿಂದ: ಮದುವೆಯಾಗಿ ಬಂದೆ. ಕೊಲ್ಹಾಪುರ ಜಿಲ್ಲೆಯ ತವರಿನಲ್ಲೂ ಇಲ್ಲಿಯೂ ಹೆಸರಿದೆ. ತಪ್ಪೇ?

ಉತ್ತರ: ಹೌದು ಅಕ್ಕ. ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹೆಸರಿರುವಂತಿಲ್ಲ, ಅದು 17ನೇ ಕಲಮು. ನೀವೇ ಮುಂದಾಗಿ ತವರಿನ ಹೆಸರು ತೆಗೆಯಲು ನಮೂನೆ 7 ಕೊಡಿ. ಗಡಿ ಭಾಗದಲ್ಲಿ ಇಂಥವು ಬೇಕಾದಷ್ಟಿವೆ, ಹೆಚ್ಚಿನವು ಮೋಸವಲ್ಲ, ಮದುವೆ ಮತ್ತು ಮರೆವು.

ಪ್ರಶ್ನೆ, ಇಂಡಿಯ ಸದಸ್ಯೆಯಿಂದ ಮತ್ತೆ: ಸಾಹೇಬರೇ, ಉತ್ತರ ಕೊಟ್ಟು ಮೊಹರು ಹಾಕಿಸಿಕೊಂಡೆ. ಕಾರ್ಡು ಕೈಯಲ್ಲಿದೆಯಲ್ಲ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಅದನ್ನು ತೋರಿಸಿ ಮತ ಹಾಕಬಹುದೇ ಎಂದು ಅಪ್ಪ ಕೇಳುತ್ತಾರೆ.

ಉತ್ತರ: ಆಗುವುದಿಲ್ಲ ತಂಗಿ. ಕಾರ್ಡು ಗುರುತಿಗೆ ಮಾತ್ರ, ಮತದ ಹಕ್ಕು ಪಟ್ಟಿಯ ಹೆಸರಿನಿಂದ. ಹೆಸರಿದ್ದು ಕಾರ್ಡು ಕಳೆದಿದ್ದರೆ ಆಧಾರ್, ಉದ್ಯೋಗ ಖಾತರಿ ಕಾರ್ಡು, ಫೋಟೋ ಇರುವ ಪಾಸ್‌ಬುಕ್ ತೋರಿಸಿ ಮತ ಹಾಕಬಹುದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಸೇರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ಆದ್ದರಿಂದ ವಿಚಾರಣೆಯ ಆದೇಶದ ಪ್ರತಿ ಕೈಗೆ ಬರುವವರೆಗೆ ಬಿಡಬೇಡ. ಅವರು ಊರಿಗೆ ಬಂದ ಮೇಲೆ ಪಟ್ಟಿಯಲ್ಲಿರುವ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ಕಾರ್ಡಿನ ಜೊತೆ ಒಂದು ಚೀಟಿಯಲ್ಲಿ ಬರೆದಿಡು. ನೋಟಿಸ್ ಬಂದಿರುವ ಬೇರೆ ಮನೆಗಳು ನಿಮ್ಮ ಓಣಿಯಲ್ಲಿದ್ದರೆ ಅವರಿಗೂ ಈ ಉತ್ತರದ ಮಾದರಿ ಬರೆದುಕೊಡು.