ಪೂಲ್ಡ್ ವೇರಿಯನ್ಸ್: ಒಂದೇ ದತ್ತಾಂಶಕ್ಕೆ ಮೂರು ಬೆಲೆಗಳು ಬರುತ್ತಿವೆ, ಆರ್ ಕೊಡುವ ಟಿ-ಬೆಲೆಯೂ ಹೊಂದುತ್ತಿಲ್ಲ

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್‌ನ ಅಭ್ಯಾಸಕ್ಕಾಗಿ, ಆರ್ ತಂತ್ರಾಂಶದ ಜೊತೆಗೇ ಬರುವ ಎಂಟಿಕಾರ್ಸ್ ದತ್ತಾಂಶವನ್ನು ತೆಗೆದುಕೊಂಡಿದ್ದೇನೆ. ಅಮೆರಿಕದ ಮೋಟಾರ್ ಟ್ರೆಂಡ್ ಪತ್ರಿಕೆಯಲ್ಲಿ 1974ರಲ್ಲಿ ಪ್ರಕಟವಾದ 32 ಕಾರುಗಳ ವಿವರ ಅದರಲ್ಲಿದೆ. ಅವುಗಳ ಪೈಕಿ 19 ಕಾರುಗಳು ಆಟೋಮ್ಯಾಟಿಕ್ ಗೇರಿನವು, 13 ಕಾರುಗಳು ಮ್ಯಾನ್ಯುಯಲ್ ಗೇರಿನವು. ಗ್ಯಾಲನ್ನಿಗೆ ಎಷ್ಟು ಮೈಲಿ ಎಂಬ ಲೆಕ್ಕದಲ್ಲಿ ಆಟೋಮ್ಯಾಟಿಕ್ ಕಾರುಗಳ ಸರಾಸರಿ ಮೈಲೇಜ್ 17.15, ಮ್ಯಾನ್ಯುಯಲ್ ಕಾರುಗಳದು 24.39.

ಪೂಲ್ಡ್ ವೇರಿಯನ್ಸನ್ನು, ಅಂದರೆ ಎರಡೂ ಗುಂಪುಗಳ ಚದುರುವಿಕೆಯ ಅಳತೆಯನ್ನು (ವೇರಿಯನ್ಸ್) ಸೇರಿಸಿ ಪಡೆಯುವ ಒಂದೇ ಅಂದಾಜನ್ನು, ಲೆಕ್ಕ ಹಾಕುವಲ್ಲಿ ತೊಡಕಾಗಿದೆ. ಎಕ್ಸೆಲ್‌ನಲ್ಲಿ 32 ಕಾರುಗಳ ಮೈಲೇಜನ್ನೂ ಒಟ್ಟಿಗೆ ಆಯ್ದು ವೇರಿಯನ್ಸ್ ಕೊಡುವ ವಾರ್.ಎಸ್ ಹಾಕಿದರೆ 36.32 ಬರುತ್ತದೆ. ಸಹಪಾಠಿಯೊಬ್ಬರು ಎರಡೂ ಗುಂಪುಗಳ ವೇರಿಯನ್ಸ್ ಕೂಡಿಸಿ ಎರಡರಿಂದ ಭಾಗಿಸಿ 26.36 ಎನ್ನುತ್ತಾರೆ. ಪಠ್ಯದ ಸೂತ್ರದಲ್ಲಿ, ಅಂದರೆ ಪ್ರತಿ ಗುಂಪಿನ ವೇರಿಯನ್ಸನ್ನು ಅದರ ಸಂಖ್ಯೆಗಿಂತ ಒಂದು ಕಡಿಮೆಯಿಂದ ಗುಣಿಸಿ, ಕೂಡಿಸಿ, 30ರಿಂದ ಭಾಗಿಸಿದಾಗ 22.40 ಬರುತ್ತದೆ, ಇದಕ್ಕಾಗಿ ಗುಂಪುಗಳ ವೇರಿಯನ್ಸನ್ನು ವಾರ್.ಪಿ ಮೂಲಕ ತೆಗೆದಿದ್ದೆ. ಈ 22.40ರಿಂದ ಟಿ-ಬೆಲೆ (ಸರಾಸರಿಗಳ ಅಂತರವನ್ನು ಆ ಅಂತರದ ಅನಿಶ್ಚಿತತೆಯಿಂದ, ಅಂದರೆ ಸ್ಟ್ಯಾಂಡರ್ಡ್ ಎರರ್‌ನಿಂದ, ಭಾಗಿಸಿದ್ದು) 4.25 ಆಗುತ್ತದೆ. ಆದರೆ ಆರ್‌ನ ಟಿ.ಟೆಸ್ಟ್ ಆದೇಶ -3.77 ಎಂದು ತೋರಿಸಿ, ಡಿಗ್ರೀಸ್ ಆಫ್ ಫ್ರೀಡಂ (ಸ್ವತಂತ್ರ ಮಾಹಿತಿಗಳ ಸಂಖ್ಯೆ) 18.33 ಎಂಬ ದಶಮಾಂಶ ಸಂಖ್ಯೆಯನ್ನು ಕೊಡುತ್ತದೆ. ಈ ಸಂಖ್ಯೆಗಳಲ್ಲಿ ಯಾವುದನ್ನು ನಂಬಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ 1 (ಸಂಖ್ಯಾಶಾಸ್ತ್ರದ ಅಧ್ಯಾಪಕರು)

ನೀವು ಬರೆದಿರುವ ಮೂರು ಬೆಲೆಗಳಲ್ಲಿ ಯಾವುದೂ ಪೂಲ್ಡ್ ವೇರಿಯನ್ಸ್ ಅಲ್ಲ. ಸರಿಯಾದ ಬೆಲೆ 24.03. ಸೂತ್ರವನ್ನು ಸದ್ಯಕ್ಕೆ ಬದಿಗಿಟ್ಟು, ಅದು ಏನನ್ನು ಅಳೆಯುತ್ತದೆ ಎಂಬುದನ್ನು ನೋಡಿದರೆ ಮೂರೂ ಏಕೆ ದಾರಿ ತಪ್ಪಿದವು ಎಂಬುದು ತಾನಾಗಿಯೇ ತಿಳಿಯುತ್ತದೆ.

ಪ್ರತಿಯೊಂದು ಕಾರಿನ ಮೈಲೇಜು ತನ್ನದೇ ಗುಂಪಿನ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಬೇಕು. ಆಟೋಮ್ಯಾಟಿಕ್ ಗುಂಪಿನಲ್ಲಿ ಈ ಮೊತ್ತ 264.59, ಮ್ಯಾನ್ಯುಯಲ್ ಗುಂಪಿನಲ್ಲಿ 456.31, ಎರಡೂ ಸೇರಿ 720.90. ಒಂದು ಗುಂಪಿನ ವ್ಯತ್ಯಾಸಗಳನ್ನೆಲ್ಲ ಕೂಡಿಸಿದರೆ ಸೊನ್ನೆಯೇ ಬರಬೇಕಾದ್ದರಿಂದ, 19 ವ್ಯತ್ಯಾಸಗಳಲ್ಲಿ 18 ಗೊತ್ತಾದರೆ ಹತ್ತೊಂಬತ್ತನೆಯದು ಆಗಲೇ ನಿರ್ಧಾರವಾಗಿರುತ್ತದೆ. ಹೀಗೆ ಒಂದು ಗುಂಪಿನಿಂದ 18, ಇನ್ನೊಂದರಿಂದ 12, ಒಟ್ಟು 30 ಸ್ವತಂತ್ರ ಮಾಹಿತಿಗಳು ನಮಗೆ ದಕ್ಕುತ್ತವೆ. 720.90ನ್ನು 30ರಿಂದ ಭಾಗಿಸಿದರೆ 24.03.

ಈಗ 36.32ರ ವಿಚಾರ. ಅಲ್ಲಿ ಎಕ್ಸೆಲ್ ಪ್ರತಿ ಕಾರಿನ ದೂರವನ್ನು ಅಳೆದಿರುವುದು 32 ಕಾರುಗಳ ಒಟ್ಟು ಸರಾಸರಿಯಾದ 20.09ರಿಂದ. ಹಾಗಾಗಿ ಗುಂಪುಗಳ ಒಳಗಿನ 720.90ರ ಜೊತೆಗೆ, ಎರಡು ಸರಾಸರಿಗಳ ನಡುವಿನ ಅಂತರದಿಂದ ಹುಟ್ಟುವ 405.15 ಕೂಡ ಸೇರಿಕೊಂಡು ಮೊತ್ತ 1126.05 ಆಗಿದೆ, ಅದನ್ನು 31ರಿಂದ ಭಾಗಿಸಿದಾಗ 36.32 ಬಂದಿದೆ. ಟಿ-ಟೆಸ್ಟ್‌ನಲ್ಲಿ ನಾವು ಪರೀಕ್ಷಿಸಲು ಹೊರಟಿರುವುದೇ ಆ ಅಂತರವನ್ನು. ಅದನ್ನೇ ಛೇದದೊಳಗೆ ತುಂಬಿದರೆ ಪರೀಕ್ಷೆ ತನ್ನ ಕೈಯನ್ನು ತಾನೇ ಕಟ್ಟಿಕೊಂಡಂತಾಗುತ್ತದೆ.

ನಿಮ್ಮ ಸಹಪಾಠಿಯ 26.36 ಎರಡೂ ಗುಂಪುಗಳಿಗೆ ಸಮಾನ ತೂಕ ಕೊಡುತ್ತದೆ. ಗುಂಪುಗಳ ಗಾತ್ರ ಒಂದೇ ಆಗಿದ್ದರೆ ಅದೇ ಸರಿಯುತ್ತರವಾಗುತ್ತಿತ್ತು, ಆದರೆ ಇಲ್ಲಿ 19 ಮತ್ತು 13 ಇವೆ. ಇನ್ನು 22.40: ವಾರ್.ಪಿ ಎಂಬುದು ವರ್ಗಗಳ ಮೊತ್ತವನ್ನು ಪೂರ್ಣ ಸಂಖ್ಯೆಯಿಂದ, ಅಂದರೆ 19ರಿಂದ ಅಥವಾ 13ರಿಂದ, ಭಾಗಿಸುತ್ತದೆ. ಅದನ್ನು 18ರಿಂದ ಮತ್ತು 12ರಿಂದ ಗುಣಿಸಿದಾಗ ಮೂಲ ಮೊತ್ತ ಮರಳಿ ಸಿಗುವುದಿಲ್ಲ. ಒಂದು ಕಡಿಮೆಯಿಂದ ಭಾಗಿಸುವ ವಾರ್.ಎಸ್ ಬಳಸಿ, ಆಗ 14.70 ಮತ್ತು 38.03 ಬರುತ್ತವೆ, ಅವುಗಳಿಂದ ಅದೇ ಸೂತ್ರದಲ್ಲಿ 24.03 ಸಿಗುತ್ತದೆ. ಮಾನಕ ವಿಚಲನೆ ಬೇಕಾದರೆ ವರ್ಗಮೂಲವನ್ನು ಕೊನೆಯಲ್ಲಿ ತೆಗೆದು 4.90 ಎಂದು ಬರೆಯಿರಿ. ಗುಂಪುಗಳ ಮಾನಕ ವಿಚಲನೆಗಳನ್ನೇ ನೇರವಾಗಿ ಸರಾಸರಿ ಮಾಡುವ ಅಭ್ಯಾಸ ಹಲವರಲ್ಲಿದೆ, ಅದನ್ನು ಮಾಡಬೇಡಿ.

ತಾಳೆ ನೋಡಲು ಸುಲಭ ದಾರಿಯೊಂದಿದೆ. ಆರ್‌ನಲ್ಲಿ ಮೈಲೇಜಿನ ಮೇಲೆ ಗೇರಿನ ವಿಧವನ್ನಿಟ್ಟು ಎಲ್.ಎಂ ಆದೇಶ ಕೊಟ್ಟರೆ, ಫಲಿತಾಂಶದ ಕೆಳಭಾಗದಲ್ಲಿ ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್ 4.902, ಡಿಗ್ರೀಸ್ ಆಫ್ ಫ್ರೀಡಂ 30 ಎಂದು ಕಾಣಿಸುತ್ತದೆ. ಅದು ಇದೇ 24.03ರ ವರ್ಗಮೂಲ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು ಸರ್. 24.03 ಬಂತು, ಅದರಿಂದ ಟಿ-ಬೆಲೆ 4.11 ಆಗುತ್ತದೆ. ಆದರೂ ಆರ್‌ನ 3.77ಕ್ಕೆ ಅದು ಹೊಂದುತ್ತಿಲ್ಲ. ಎರಡೂ ವೇರಿಯನ್ಸ್ ಸಮವೆಂದು ಭಾವಿಸಬಹುದೇ ಎಂದು ಎಫ್-ಟೆಸ್ಟ್ ಮಾಡಿ ನೋಡಿದೆ, ಅನುಪಾತ 2.59, ಪಿ-ಬೆಲೆ (ವೇರಿಯನ್ಸ್ ಸಮವೇ ಆಗಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) 0.067. ಇದು 0.05ಕ್ಕಿಂತ ಹೆಚ್ಚಿರುವುದರಿಂದ ಪೂಲ್ ಮಾಡುವುದು ಸರಿಯಷ್ಟೆ?

ಉತ್ತರ 2 (ಅದೇ ಅಧ್ಯಾಪಕರು)

ಮೊದಲು ಆರ್‌ನ ವಿಷಯ ಮುಗಿಸುತ್ತೇನೆ. ಅದರ ಟಿ.ಟೆಸ್ಟ್ ಆದೇಶ ತಾನಾಗಿ ಪೂಲ್ ಮಾಡುವುದಿಲ್ಲ, ವಾರ್.ಈಕ್ವಲ್ = ಟ್ರೂ ಎಂದು ನೀವು ಬರೆದರೆ ಮಾತ್ರ ಮಾಡುತ್ತದೆ. ಬರೆಯದಿದ್ದರೆ, 1947ರಲ್ಲಿ ಬಿ.ಎಲ್. ವೆಲ್ಚ್ ಪ್ರಕಟಿಸಿದ ವಿಧಾನವನ್ನು ಅನುಸರಿಸುತ್ತದೆ. ಆ ವಿಧಾನದಲ್ಲಿ ಪ್ರತಿ ಗುಂಪಿನ ವೇರಿಯನ್ಸನ್ನು ಅದರ ಸ್ವಂತ ಸಂಖ್ಯೆಯಿಂದ ಭಾಗಿಸಿ ಕೂಡಿಸಲಾಗುತ್ತದೆ, ಡಿಗ್ರೀಸ್ ಆಫ್ ಫ್ರೀಡಂ ಅಂದಾಜಿನಿಂದ ಬರುವುದರಿಂದ ದಶಮಾಂಶದಲ್ಲಿರುತ್ತದೆ. ಋಣ ಚಿಹ್ನೆ ಬಂದಿರುವುದು ಆರ್ ಆಟೋಮ್ಯಾಟಿಕ್‌ನ ಸರಾಸರಿಯಿಂದ ಮ್ಯಾನ್ಯುಯಲ್‌ನದನ್ನು ಕಳೆದಿರುವುದರಿಂದ, ಅಷ್ಟೇ. ಎಕ್ಸೆಲ್‌ನ ಟಿ.ಟೆಸ್ಟ್‌ನಲ್ಲಿ ಇದೇ ಆಯ್ಕೆ ಕೊನೆಯ ಅಂಕಿಯಲ್ಲಿದೆ: 2 ಎಂದರೆ ಪೂಲ್ಡ್, 3 ಎಂದರೆ ವೆಲ್ಚ್.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ಸರಿಯಲ್ಲ. ಪಿ-ಬೆಲೆ 0.067 ಎಂಬುದು ವೇರಿಯನ್ಸ್‌ಗಳು ಬೇರೆ ಎನ್ನಲು ಪುರಾವೆ ಸಾಲದು ಎಂದು ಹೇಳುತ್ತದೆಯೇ ಹೊರತು ಅವು ಸಮ ಎಂದು ಹೇಳುವುದಿಲ್ಲ. 13 ಮತ್ತು 19ರಂಥ ಸಣ್ಣ ಗುಂಪುಗಳಲ್ಲಿ, ಒಂದು ವೇರಿಯನ್ಸ್ ಇನ್ನೊಂದರ ಎರಡೂವರೆ ಪಟ್ಟು ಇದ್ದರೂ ಎಫ್-ಟೆಸ್ಟ್ ಅದನ್ನು ಹಿಡಿಯದೆ ಬಿಡಬಹುದು ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ದತ್ತಾಂಶವೇ ಸಾಕ್ಷಿ. ಮೇಲಾಗಿ ಎಫ್-ಟೆಸ್ಟ್ ದತ್ತಾಂಶವು ನಾರ್ಮಲ್ ಹಂಚಿಕೆಯಿಂದ ಸ್ವಲ್ಪ ಸರಿದರೂ ಕೆಡುವಂಥದು. ಮೊದಲು ಒಂದು ಪರೀಕ್ಷೆ ಮಾಡಿ, ಅದರ ಫಲಿತಾಂಶ ನೋಡಿ ಎರಡನೆಯದನ್ನು ಆರಿಸುವಾಗ, ನಾವು ಘೋಷಿಸುವ ಶೇಕಡಾ 5ರ ತಪ್ಪಿನ ಮಿತಿ ನಿಜವಾಗಿಯೂ ಶೇಕಡಾ 5 ಆಗಿಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಪೂಲ್ ಮಾಡುವುದೆಂದರೆ ಎರಡೂ ಗುಂಪುಗಳ ಚದುರುವಿಕೆ ಒಂದೇ ಎಂದು ನಾವು ಹೊಣೆ ಹೊತ್ತು ಹೇಳುವ ಮಾತು. ಅದನ್ನು ಅಳತೆ ನಡೆದ ರೀತಿಯಿಂದ, ದತ್ತಾಂಶ ತೆರೆಯುವ ಮುನ್ನವೇ ತೀರ್ಮಾನಿಸಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ನಿಮ್ಮ ದತ್ತಾಂಶದಲ್ಲಿ ಅಪಾಯ ಯಾವ ಕಡೆಗಿದೆ ಎಂಬುದನ್ನೂ ಗಮನಿಸಿ. ಹೆಚ್ಚು ಚದುರಿರುವ ಮ್ಯಾನ್ಯುಯಲ್ ಗುಂಪೇ ಚಿಕ್ಕದು. ಪೂಲ್ ಮಾಡುವಾಗ ಅದರ 38.03ಕ್ಕೆ 30ರಲ್ಲಿ 12 ಪಾಲು ತೂಕ ಮಾತ್ರ ಸಿಗುತ್ತದೆ, ಆದರೆ ಸರಾಸರಿಯ ಅನಿಶ್ಚಿತತೆ ಬಹುಪಾಲು ಬರುತ್ತಿರುವುದು ಆ 13 ಕಾರುಗಳಿಂದಲೇ. ಆದ್ದರಿಂದ ಪೂಲ್ಡ್ ವಿಧಾನದ ಸ್ಟ್ಯಾಂಡರ್ಡ್ ಎರರ್ 1.76ಕ್ಕೆ ಇಳಿಯುತ್ತದೆ, ವೆಲ್ಚ್ ವಿಧಾನದಲ್ಲಿ ಅದು 1.92. ಪಿ-ಬೆಲೆ 0.0003 ಮತ್ತು 0.0014 ಆಗುತ್ತದೆ. ಇಲ್ಲಿ ಎರಡೂ ತೀರಾ ಚಿಕ್ಕವಾದ್ದರಿಂದ ತೀರ್ಮಾನ ಬದಲಾಗದು. ಗಡಿಯಲ್ಲಿರುವ ದತ್ತಾಂಶದಲ್ಲಿ ಇದೇ ಅಂತರ ತೀರ್ಮಾನವನ್ನೇ ತಿರುಗಿಸುತ್ತದೆ. ದೊಡ್ಡ ಗುಂಪೇ ಹೆಚ್ಚು ಚದುರಿದ್ದರೆ ತಪ್ಪು ವಿರುದ್ಧ ದಿಕ್ಕಿಗೆ ಹೋಗಿ, ಇರುವ ವ್ಯತ್ಯಾಸವೂ ಕಾಣದೆ ಹೋಗಬಹುದು.

ಉತ್ತರ 3 (ಇನ್ನೊಬ್ಬ ಸದಸ್ಯರು)

ಮೇಲಿನ ವಿವರಣೆಗೆ ಒಂದು ಸೇರ್ಪಡೆ. ಗುಂಪುಗಳ ಗಾತ್ರ ಸಮವಿದ್ದಾಗ ಪೂಲ್ಡ್ ಮತ್ತು ವೆಲ್ಚ್ ಟಿ-ಬೆಲೆಗಳು ಒಂದೇ ಆಗಿರುತ್ತವೆ. ಆರ್‌ನಲ್ಲೇ ಇರುವ ಸ್ಲೀಪ್ ದತ್ತಾಂಶದಲ್ಲಿ ನೋಡಬಹುದು. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿದ್ದ ಗಾಸೆಟ್ ಅವರು ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ 1908ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಳಸಿದ ಅಂಕಿಗಳವು: 10 ರೋಗಿಗಳು, ಎರಡು ಔಷಧ, ಹೆಚ್ಚಿದ ನಿದ್ರೆಯ ಗಂಟೆಗಳು. ವೇರಿಯನ್ಸ್ 3.20 ಮತ್ತು 4.01, ಪೂಲ್ಡ್ 3.60. ಎರಡೂ ವಿಧಾನದಲ್ಲಿ ಟಿ-ಬೆಲೆ 1.86, ಡಿಗ್ರೀಸ್ ಆಫ್ ಫ್ರೀಡಂ ಮಾತ್ರ 18 ಮತ್ತು 17.78.

ಆದರೆ ಅಲ್ಲಿ ಎರಡೂ ಔಷಧ ಪಡೆದವರು ಅದೇ ಹತ್ತು ಜನ. ಒಬ್ಬೊಬ್ಬರ ವ್ಯತ್ಯಾಸವನ್ನೇ ತೆಗೆದುಕೊಂಡು ಪೇರ್ಡ್ ಪರೀಕ್ಷೆ ಮಾಡಿದರೆ ಟಿ-ಬೆಲೆ 4.06ಕ್ಕೆ ಏರುತ್ತದೆ. ಗುಂಪುಗಳು ನಿಜಕ್ಕೂ ಪರಸ್ಪರ ಸ್ವತಂತ್ರವೇ ಎಂದು ಕೇಳಿಕೊಂಡ ಮೇಲೆಯೇ ಪೂಲ್ ಮಾಡುವ ಮಾತು ಬರಬೇಕು.

ಪ್ರಶ್ನೆ ಕೇಳಿದವರಿಂದ

ಹಾಗಾದರೆ ಪೂಲ್ಡ್ ವೇರಿಯನ್ಸ್ ಕಲಿತು ಪ್ರಯೋಜನವೇನು? ಎಲ್ಲೆಡೆ ವೆಲ್ಚ್ ವಿಧಾನವನ್ನೇ ಬಳಸಬಹುದಲ್ಲವೇ?

ಉತ್ತರ 4 (ಅಧ್ಯಾಪಕರು)

ಎರಡು ಗುಂಪುಗಳ ಸರಾಸರಿ ಹೋಲಿಸುವಾಗ ಬಳಸಬಹುದು, ನಾನೂ ಅದನ್ನೇ ಸಲಹೆ ಮಾಡುತ್ತೇನೆ. ಆದರೆ ಒಂದೊಂದು ಚಿಕಿತ್ಸೆಗೆ ಮೂರು ನಾಲ್ಕು ಅಳತೆಗಳಷ್ಟೇ ಇರುವ ಪ್ರಯೋಗದಲ್ಲಿ ಪ್ರತಿ ಗುಂಪಿನ ವೇರಿಯನ್ಸ್ ಬಿಡಿಬಿಡಿಯಾಗಿ ನಂಬಿಕೆಗೆ ಅರ್ಹವಲ್ಲ. ಅಳತೆಯ ಉಪಕರಣವೂ ಕ್ರಮವೂ ಒಂದೇ ಆಗಿದ್ದು, ಚಿಕಿತ್ಸೆಗಳನ್ನು ಯಾದೃಚ್ಛಿಕವಾಗಿ ಹಂಚಿದ್ದು, ಚಿಕಿತ್ಸೆ ಚದುರುವಿಕೆಯನ್ನು ಬದಲಿಸದು ಎನ್ನಲು ಕಾರಣವಿದ್ದರೆ, ಎಲ್ಲ ಗುಂಪುಗಳ ಮಾಹಿತಿಯನ್ನು ಕೂಡಿಸುವುದರಿಂದ ಗಟ್ಟಿಯಾದ ಅಂದಾಜು ಸಿಗುತ್ತದೆ. ಹಲವು ಗುಂಪುಗಳ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ಅನೋವಾ ಪಟ್ಟಿಯ ಎರರ್ ಮೀನ್ ಸ್ಕ್ವೇರ್ ಇದೇ ಪೂಲ್ಡ್ ವೇರಿಯನ್ಸ್. ಆರ್‌ನಲ್ಲೇ ಇರುವ ಪ್ಲ್ಯಾಂಟ್‌ಗ್ರೋತ್ ದತ್ತಾಂಶದ ಮೂರು ಗುಂಪುಗಳ ವೇರಿಯನ್ಸ್ 0.340, 0.630, 0.196, ತಲಾ 10 ಗಿಡಗಳಿರುವುದರಿಂದ ಅವುಗಳ ಸರಾಸರಿ 0.389, ಅನೋವಾ ಕೊಡುವುದೂ ಅದನ್ನೇ.

ಸರಾಸರಿಗಳ ಅಂತರ ಎಷ್ಟು ಮಾನಕ ವಿಚಲನೆಗಳಷ್ಟು ಎಂದು ಹೇಳುವ ಕೋಹೆನ್ಸ್ ಡಿ ಬರೆಯುವಾಗಲೂ ಇದು ಬೇಕಾಗುತ್ತದೆ. ನಿಮ್ಮ ಕಾರುಗಳಲ್ಲಿ 7.24ನ್ನು 4.90ರಿಂದ ಭಾಗಿಸಿದರೆ 1.48. ಚದುರುವಿಕೆ ಸಮವಿಲ್ಲದ ಕಾರಣ, ವರದಿಯಲ್ಲಿ ಆ ಸಂಖ್ಯೆಯ ಪಕ್ಕದಲ್ಲೇ ಎರಡೂ ಗುಂಪುಗಳ ಮಾನಕ ವಿಚಲನೆಗಳನ್ನು, ಅಂದರೆ 3.83 ಮತ್ತು 6.17ನ್ನು, ಬರೆಯಿರಿ, ಟಿ-ಬೆಲೆ ವೆಲ್ಚ್ ವಿಧಾನದ್ದು ಎಂದೂ ಸ್ಪಷ್ಟಪಡಿಸಿ.