ನೈಫ್‌ಗೆ ಕೆ ಯಾಕೆ?

ಪ್ರಶ್ನೆ: ಮಗಳು ಡಿಕ್ಟೇಷನ್‌ನಲ್ಲಿ ನೈಫ್‌ನ ಎನ್‌ನಿಂದ ಶುರುಮಾಡಿ ಮಾರ್ಕ್ಸ್ ಕಳ್ಕೊಂಡ್ಲು. ಹೇಳದೇ ಇರೋ ಕೆ ಯಾಕಪ್ಪಾ ಬರೀಬೇಕು ಅಂತ ಕೇಳ್ತಾಳೆ, ಏನ್ ಹೇಳ್ಲಿ?

ಉತ್ತರ 1: ಮೊದ್ಲು ಹೇಳ್ತಿದ್ರು ಸರ್! 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಕಾಲದಲ್ಲಿ ಅದು ಹೆಚ್ಚುಕಮ್ಮಿ 'ಕ್ನೀಫ್'. 1476ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಲಂಡನ್ ಹತ್ರದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪ್ರಿಂಟಿಂಗ್ ಪ್ರೆಸ್ ಹಾಕ್ದ, ಅಲ್ಲಿಂದ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಗ್ತಾ ಬಂತು, ಆದ್ರೆ ಜನರ ಬಾಯಲ್ಲಿ 'ಈ' ಸ್ವರ ಹೋಗಿ 'ಐ' ಆಯ್ತು, ಆಮೇಲೆ ಕೆನೂ ಬಿದ್ದೋಯ್ತು, ಅಚ್ಚಲ್ಲಿ ಮಾತ್ರ ಹಂಗೇ ಕೂತಿದೆ.

ಉತ್ತರ 2: ಇಂಗ್ಲಿಷ್‌ನ knee (ಮೊಣಕಾಲು) ಕೂಡ ಹಂಗೇ, ಕೆ ಹೇಳಲ್ಲ. ಆದ್ರೆ ಜರ್ಮನ್ನರು ಮೊಣಕಾಲಿಗೆ ಈಗ್ಲೂ ಕ್ನೀ ಅಂತಾರೆ, ಕೆ ಸಮೇತ.

ಉತ್ತರ 3: ಉಚ್ಚಾರ ಅಷ್ಟೇ ಅಲ್ಲ, ಕಾಲ ಹೋದಂಗೆ ಅರ್ಥಾನೂ ಉಲ್ಟಾ ಆಗುತ್ತೆ, ನೈಸ್ ಅಂದ್ರೆ ಒಂದ್ಕಾಲಕ್ಕೆ ದಡ್ಡ ಅಂತ 😄 ನಮ್ಮಲ್ಲೂ ಹಳಗನ್ನಡದ ಪಾಲ್ ಈಗ ಹಾಲು ತಾನೆ, ಆದ್ರೆ ನಾವು ಬರೆಯೋದನ್ನೂ ಬದಲಾಯಿಸ್ಕೊಂಡ್ವಿ.